ತಮಟೆ ಬಿಟ್ಟ ಮುನಿಯಪ್ಪ

ನಮ್ಮೂರಲ್ಲಿ ಯಾರೇ ಸತ್ತರೂ ಮುನಿಯಪ್ಪ ಬರುತ್ತಾನೆ. ಬರಿಗೈಯಲ್ಲಿ ಬರುತ್ತಾನೆ. ತಕರಾರೆಲ್ಲ ಆ ಬರಿಗೈಯದೇ.

ಹೊಸೂರು ಕಡೆಯ ಗುಮ್ಮಳಾಪುರದಿಂದ ಒಂದಿಷ್ಟು ಒಳಗಿರುವ ಈ ಹಳ್ಳಿಯಲ್ಲಿ ಅವನ ತಾತ, ಅಪ್ಪ ಇಬ್ಬರೂ ಸಾವಿನ ಮನೆ ಮುಂದೆ ತಮಟೆ ಬಡಿದವರು. ಹೇಳಿಕಳಿಸಿದರೆ ಉಣ್ಣುವ ಅನ್ನ ಬಿಟ್ಟು ಬರಬೇಕು. ಬಡಿದ ಮೇಲೆ ಗೋಡೆಯ ಮೇಲಿಟ್ಟ ಅಕ್ಕಿ, ಟವೆಲು ಎತ್ತಿಕೊಂಡು ಹೋಗಬೇಕು. ಮುನಿಯಪ್ಪ ಪ್ರಾಯದಲ್ಲೇ ಕ್ರೈಸ್ತನಾಗಿ ತಮಟೆ ಬಿಟ್ಟ. ಹೆಸರು ಮಾತ್ರ ಬದಲಿಸಲಿಲ್ಲ. "ಬ್ಯಾರೆ ಹೆಸ್ರಿಟ್ಕೊಂಡ್ರೆ ತಮಟೆ ಬಿಟ್ಟೋನು ಬ್ಯಾರೆ ಯಾರೋ ಅಂದ್ಕೊಂಡ್ಬುಡ್ತಾರೆ ಕಣಣ್ಣ," ಎಂದು ನನ್ನ ಅಂಗಡಿಗೆ ಬಂದಾಗ ಹೇಳಿದ್ದ.

ಬಿಟ್ಟವನು ಮನೆಯಲ್ಲಿ ಸುಮ್ಮನೆ ಕೂರಬಹುದಿತ್ತು. ಅವನ ಕ್ರೈಸ್ತ ಸಭೆಯ ಉಳಿದವರು ಹಾಗೇ ಇದ್ದಾರೆ. ಭಾನುವಾರ ಹೊಸೂರಿಗೆ ಹೋಗಿ ತಮಿಳಲ್ಲಿ ಆರಾಧನೆ ಮುಗಿಸಿ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ಇವನ ಹಟ ಬೇರೆ. "ಯೇಸಪ್ಪ ಸಾವಿನ ಮನೆಗೋಗಿ ಅತ್ತೋನು. ನಾನು ಮನೇಲಿ ಕುಂತ್ರೆ ಅದೆಂಥ ನಂಬ್ಕೆ?" ಅನ್ನುತ್ತಾನೆ. ಹಾಗಾಗಿ ಹೊಸೂರಿನ ಕಾರ್ಖಾನೆಯೊಂದರಲ್ಲಿ ತೋಟದ ಕೆಲಸ ಮುಗಿಸಿ, ಬಸ್ಸಿಳಿದವನೇ ಸಾವಿನ ಮನೆಯ ಗೋಡೆಗೆ ಒರಗಿ ನಿಲ್ಲುತ್ತಾನೆ. ಹೆಗಲು ಕೊಡಲು ಮುಂದೆ ಬಂದರೆ ಬೇಡ ಅನ್ನುತ್ತಾರೆ. ಹಿಂದಿನಿಂದ ನಡೆದು, ಮಣ್ಣಾಗುವ ತನಕ ಇದ್ದು, ವಾಪಸಾಗುತ್ತಾನೆ. ಎಷ್ಟೋ ವರ್ಷಗಳಿಂದ ಇದೇ. ನೋಡಿ ನೋಡಿ ನನಗೇ ಬೇಸತ್ತು ಹೋಗಿದೆ, ಇನ್ನು ಅವನಿಗೆ ಎಷ್ಟಾಗಿರಬೇಡ.

ಹೋದ ಮಾಗಿಯಲ್ಲಿ ಊರ ಹಿರಿಯ ವೆಂಕಟೇಶಪ್ಪನವರ ಹೆಂಡತಿ ಅಂಜಮ್ಮ ತೀರಿಕೊಂಡರು. ಮಗ ಕುಮಾರೇಶ ಬೈಕಿನಲ್ಲಿ ಮುನಿಯಪ್ಪನ ಮನೆಗೆ ಹೋದ.

"ಬ್ಯಾಂಡ್‌ಸೆಟ್ ಬತ್ತೈತೆ. ಆದ್ರೂ ಶಾಸ್ತ್ರಕ್ಕೆ ನೀನು ನಾಕೇಟು ಬಡೀಬೇಕು. ಆಗಾಕಿಲ್ಲ ಅಂದ್ರೆ ಬರ್ಲೇಬ್ಯಾಡ ಕಣ್ಲಾ."

ಅವನು ಅತ್ತ ಹೋದ ಮೇಲೆ ಮುನಿಯಪ್ಪನ ಹೆಂಡತಿ ಕಮಲಮ್ಮ ಹೇಳಿದ್ದನ್ನು ಆಮೇಲೆ ಅವಳೇ ನನಗೆ ಹೇಳಿದಳು. ಅವಳೂ ಸಭೆಯವಳೇ. "ನಾಕೇಟು ಬಡ್ದು ಬಂದ್ಬುಡು. ನೀರಿಗೋದ್ರೂ ಮಾತು, ಹಾಲಿಗೋದ್ರೂ ಮಾತು. ನಂಗೆ ಸಾಕಾಗೋಗೈತೆ."

"ನಂಗೂ ಸಾಕಾಗೈತೆ," ಎಂದನಂತೆ ಮುನಿಯಪ್ಪ. "ಆದ್ರೆ ಅಂಜಮ್ಮೋರ ಸಾವಿಗೆ ನಾನು ಆಳಾಗಿ ಹೋಗಾಕಿಲ್ಲ." ಕೆಲಸಕ್ಕೆ ರಜ ಹಾಕಿ, ಬರಿಗೈಯಲ್ಲೇ ಬಂದು ಗೋಡೆಗೆ ಒರಗಿ ನಿಂತ. ಕುಮಾರೇಶ ಮುಖ ತಿರುಗಿಸಿಕೊಂಡ.

ಅವತ್ತು ಹುಡುಗರೆಲ್ಲ ಕಾರ್ಖಾನೆಯ ಶಿಫ್ಟಿನಲ್ಲಿದ್ದರು. ಚಟ್ಟ ಹೊರಲು ಉಳಿದವರು ನನ್ನಂಥ ಮಂಡಿನೋವಿನವರೇ. ಕೆರೆ ಏರಿ ಹತ್ತುವಾಗ ಮುಂದಿದ್ದ ಮಾದೇಶನ ಕಾಲು ಉಳುಕಿ, ಚಟ್ಟ ಒಂದು ಕಡೆ ವಾಲಿತು. ಚಟ್ಟವನ್ನು ದಾರಿಯಲ್ಲಿ ಒಂದೇ ಸಲ ಇಳಿಸಬಹುದು, ಆ ಜಾಗ ಆಗಲೇ ದಾಟಿತ್ತು. ಹಿಂದಿನ ಎಡಗಡೆ ನಾನಿದ್ದೆ, ಜಾರದಂತೆ ಎರಡೂ ಕೈಯಲ್ಲಿ ಅವುಚಿ ಹಿಡಿದೆ. ಯಾರೂ ಕರೆಯುವ ಮೊದಲೇ ಮುನಿಯಪ್ಪ ಬಂದು ಮಾದೇಶನ ಜಾಗಕ್ಕೆ ಹೆಗಲು ಕೊಟ್ಟ. ಬೇಡ ಅನ್ನಲು ಬೇರೆ ಹೆಗಲಿರಲಿಲ್ಲ. ಸುಡುಗಾಡಿನ ತನಕ ಅವನೇ ಹೊತ್ತ.

ನಮ್ಮಲ್ಲಿ ಹೊತ್ತವರು ಸಾವಿನ ಮನೆಗೆ ಮರಳಿ, ಕಾಲು ತೊಳೆದು ಒಳಗೆ ಹೋಗಿ, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿಯೇ ಮನೆಗೆ ಹೋಗಬೇಕು. ಮೂರು ದಿನ ಆ ದೀಪವನ್ನು ಕದಲಿಸುವಂತಿಲ್ಲ. ನಾವೆಲ್ಲ ಒಳಗೆ ಹೋದೆವು. ಮುನಿಯಪ್ಪನೂ ಕಾಲು ತೊಳೆದು ಅಂಗಳದಲ್ಲಿ ನಿಂತ.

ಕುಮಾರೇಶ ಹೊರಗೆ ಹೋಗಿ, "ಅಕ್ಕಿ, ಟವೆಲು ಗೋಡೆ ಮ್ಯಾಲಿಟ್ಟಿವ್ನಿ, ತಗೊಂಡೋಗು," ಎಂದ.

"ಹೆಗಲು ಕೊಟ್ಟೋರ್ಗೆ ಯಾವಾಗಿಂದ ಕೂಲಿ ಕೊಡ್ತೀರ ಕುಮಾರಪ್ಪ? ದೀಪ ನೋಡ್ಕೊಂಡು ಹೋಗ್ತೀನಿ."

"ನಿಮ್ ದೇವ್ರೇ ಬ್ಯಾರೆ. ನಿಂಗ್ಯಾಕಲಾ ದೀಪ?"

"ದೀಪಕ್ಕೆ ಕೈ ಮುಗಿಯಾಕಲ್ಲ. ನಿಮ್ಮಪ್ಪಾರ ತಾವ ಒಂದ್ಗಳಿಗೆ ಕುಂತು ಪ್ರಾರ್ಥ್ನೆ ಮಾಡಾಕೆ."

"ಚಟ್ಟ ಹೊತ್ತೋನು ಕಣಪ್ಪ, ಹಂಗೇ ಕಳಿಸ್ಬ್ಯಾಡ," ಎಂದೆ ನಾನು. ಒಳಗೆ ಗುಸುಗುಸು ಶುರುವಾಯಿತು. ದೀಪ ತೋರಿಸದೆ ಕಳಿಸಿದರೆ ಸತ್ತವಳಿಗೆ ಒಳ್ಳೆಯದಲ್ಲ, ಒಳಗೆ ಕರೆದರೆ ಊರು ಸುಮ್ಮನಿರುವುದಿಲ್ಲ. ಕೊನೆಗೆ ಮೂಲೆಯಲ್ಲಿ ಕೂತಿದ್ದ ವೆಂಕಟೇಶಪ್ಪನವರು, "ದೀಪಾನೇ ಆಚೆ ತಗೊಂಡೋಗಿ ತೋರ್ಸಮ್ಮ," ಎಂದರು. ಸೊಸೆ ಭಾನು ಗಾಳಿಗೆ ಕೈ ಅಡ್ಡ ಹಿಡಿದು ದೀಪ ಎತ್ತಿಕೊಂಡು ಹೋದಳು. ಕದಲಿಸಬಾರದ ದೀಪವನ್ನೇ ಕದಲಿಸಿದರು. ಒಬ್ಬ ಮನುಷ್ಯನನ್ನು ಒಳಗೆ ಬಿಡುವುದಕ್ಕಿಂತ ಅದು ಸುಲಭ ಅನ್ನಿಸಿತು ಈ ಜನಕ್ಕೆ. ನನಗೆ ಮೈಯೆಲ್ಲ ಉರಿಯಿತು.

ಮುನಿಯಪ್ಪ ಅಂಗಳದಲ್ಲೇ ಕಣ್ಣು ಮುಚ್ಚಿದ. ಕದ್ದುಮುಚ್ಚಿ ಅಲ್ಲ, ಎಲ್ಲರಿಗೂ ಕೇಳುವ ಹಾಗೆ ಯೇಸುವಿನ ಹೆಸರು ಹೇಳಿ, ಅಂಜಮ್ಮನ ಹೆಸರು ಹೇಳಿ ಪ್ರಾರ್ಥಿಸಿದ. ಒಂಟಿಯಾದ ಯಜಮಾನರಿಗೆ ಕಣ್ತುಂಬ ನಿದ್ದೆ ಕೊಡಪ್ಪಾ ಎಂದು ಬೇಡಿಕೊಂಡ. ಬೆಳಗಿನಿಂದ ಒಂದು ಹನಿ ಕಣ್ಣೀರೂ ಹಾಕದಿದ್ದ ವೆಂಕಟೇಶಪ್ಪನವರು ಆಗ ಬಿಕ್ಕಿ ಬಿಕ್ಕಿ ಅತ್ತರು.

ಅವನನ್ನು ಮನೆ ತನಕ ಬಿಡಲು ನಾನೂ ಹೋದೆ. ಕಮಲಮ್ಮ ಬಾಗಿಲಲ್ಲೇ ಕಾದಿದ್ದಳು.

"ಒಳಕ್ಕೆ ಕರದ್ರಾ?"

ಅವನು ಜಗಲಿಯ ಮೇಲೆ ಕೂತು ಬಾತುಕೊಂಡ ಹೆಗಲನ್ನು ಒತ್ತಿಕೊಂಡ. "ದೀಪ ಹೊಸ್ಲು ದಾಟಿ ಬಂತು. ನಾನು ದಾಟ್ಲಿಲ್ಲ."

ಅವಳು ಅವನ ಅಂಗಿಯ ಹೆಗಲಿಗೆ ಮೆತ್ತಿದ್ದ ಮಣ್ಣನ್ನು ಕೊಡವಿದಳು.

"ಅಂಗಿ ಬಿಚ್ಕೊಡು, ಒಗ್ದಾಕ್ತೀನಿ," ಎಂದಳು. "ಇನ್ನೊಂದು ಸಾವಿಗೆ ಹೋಗ್ಬೇಕಲ್ಲ."