ರಿಪೇರಿಗೆ ಹೊರಟ ಹಡಗು

ಮಲ್ಲಾಜಮ್ಮ ಇನ್ನೊಬ್ಬರ ಸುಖ ಕಂಡು ಸಹಿಸುವ ಹೆಂಗಸಲ್ಲ. ಇದನ್ನು ಇನ್ನೂ ಮೆತ್ತಗೆ ಹೇಳಬಹುದು, ಹೇಳಿದರೆ ಸುಳ್ಳಾಗುತ್ತದೆ. ಅವಳ ಸೊಸೆ ಕುಮಾರಿ ಮದುವೆಯಾದ ಮೊದಲ ವರ್ಷವೇ ಈ ತೀರ್ಮಾನಕ್ಕೆ ಬಂದಿದ್ದಳು. ಅದನ್ನು ಬದಲಾಯಿಸುವ ಸಂದರ್ಭವನ್ನು ಅತ್ತೆ ಆಮೇಲೂ ಒದಗಿಸಿರಲಿಲ್ಲ. ಕುಮಾರಿ ಹೊಸ ಸೀರೆ ಉಟ್ಟರೆ ಮಲ್ಲಾಜಮ್ಮ ಅಂಚನ್ನು ಬೆರಳಲ್ಲಿ ಉಜ್ಜಿ, "ಒಂದ್ ನೀರ್ಗ ಬಣ್ಣ ಬುಟ್ಟದು" ಎನ್ನುವಳು. ಎದುರುಮನೆಯವರು ಸ್ಕೂಟರ್ ತಂದಾಗ ಆಸ್ಪತ್ರೆ ಯಾವ ರಸ್ತೆಯಲ್ಲಿದೆ ಎಂದು ಅವರಿಗೆ ನೆನಪಿಸಿದಳು. ಬಸ್ಸಿನಲ್ಲಿ ಕುಮಾರಿ ಕಿಟಕಿಯ ಪಕ್ಕ ಕುಳಿತರೆ, "ಗಾಳಿ ತಗಲ್ತದ, ಈಚ್ಗ ಬಾ" ಎಂದು ಎಬ್ಬಿಸಿ, ಆ ಗಾಳಿಯನ್ನು ತಾನೇ ತಗುಲಿಸಿಕೊಳ್ಳುವಳು.

ಅವಳು ಕುದೇರಿನವಳು. ಗಂಡ ತೀರಿಕೊಂಡ ಮೇಲೆ ಇದ್ದ ತುಂಡು ಹೊಲದಲ್ಲಿ ರಾಗಿ, ಹುರುಳಿ ಬೆಳೆದು, ಸಂತೆಮರಹಳ್ಳಿಯ ಸಂತೆಯಲ್ಲಿ ತಾನೇ ಕುಳಿತು ಮಾರಿ, ಒಬ್ಬನೇ ಮಗ ಶಂಕರನನ್ನು ಓದಿಸಿದವಳು. ಸಂತೆಯಲ್ಲಿ ಅವಳೊಡನೆ ಚೌಕಾಸಿಗಿಳಿದವರು ಮುಂದಿನ ವಾರ ಆ ಸಾಲಿಗೆ ಕಾಲಿಡುತ್ತಿರಲಿಲ್ಲ. ಮಗ ಗುಂಡ್ಲುಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್ ಆದಾಗ ಹೊಲವನ್ನು ಅರ್ಧ ಬೆಳೆಯ ವಾರಕ್ಕೆ ಕೊಟ್ಟು, ಒಂದು ರುಬ್ಬುಗುಂಡನ್ನು ಸೊಂಟದ ಮೇಲಿಟ್ಟುಕೊಂಡು ಅವನ ಹಿಂದೆ ಬಂದಳು. ಪೇಟೆಯ ಕಲ್ಲುಗಳನ್ನು ಅವಳು ನಂಬುತ್ತಿರಲಿಲ್ಲ.

ಶಂಕರನ ಮನೆ ಬಸ್ ನಿಲ್ದಾಣಕ್ಕೆ ಕೂಗಳತೆಯಲ್ಲಿತ್ತು. ಕುಮಾರಿಯ ಬಾಳಿನ ಮುಖ್ಯ ಸಂಗತಿ ಇದೇ. ಊಟಿಗೆ ಹೋಗುವವರು, ಸುಲ್ತಾನ್ ಬತ್ತೇರಿಗೆ ಕೂಲಿಗೆ ಹೋಗುವವರು, ಗೋಪಾಲಸ್ವಾಮಿ ಬೆಟ್ಟಕ್ಕೆ ಹರಕೆ ಹೊತ್ತವರು, ತೆರಕಣಾಂಬಿಯ ಸಂತೆಯಲ್ಲಿ ಎತ್ತು ಕೊಂಡವರು, ಕೊಳ್ಳದೆ ಬಂದವರು, ಎಲ್ಲರೂ ಕುದೇರು, ಬದನಗುಪ್ಪೆ ಕಡೆಯ ನೆಂಟರೇ. ಎಲ್ಲರೂ ಒಂದು ಗಳಿಗೆ ಮುಖ ತೊಳೆದು ಹೋಗಲು ಬರುತ್ತಿದ್ದರು. ಮಲ್ಲಾಜಮ್ಮ ಬಾಗಿಲಲ್ಲಿ ನಿಂತು, "ಉಂಡ್ಕಂಡೇ ಓಗಿ, ಹಿಟ್ಟು ರೆಡಿ ಅದ" ಎನ್ನುವಳು. ಹಿಟ್ಟು ರೆಡಿ ಇರುತ್ತಿರಲಿಲ್ಲ. ಕುಮಾರಿ ಸೀಮೆಎಣ್ಣೆ ಒಲೆಗೆ ಪಂಪು ಹೊಡೆದು, ಎಸರಿಟ್ಟು, ಮುದ್ದೆ ತಿರುವುವಳು. ಅಷ್ಟರಲ್ಲಿ ಇನ್ನೊಂದು ಬಸ್ಸು ಬರುತ್ತಿತ್ತು.

ಹೀಗಾಗಿ ಕುಮಾರಿಗೆ ಒಂದು ಆಸೆ ಹುಟ್ಟಿತು. ಬಸ್ಸು ನಿಲ್ಲದ ಜಾಗವೊಂದರಲ್ಲಿ ಕೆಲವು ದಿನ ಇರಬೇಕು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಚಾಮರಾಜನಗರದ ಪೇಟೆ ಹುಡುಗಿ, ಪಿಯುಸಿ ಪಾಸು. ನೆಂಟರನ್ನು ಕಂಡರಾಗದವಳು ಎನ್ನಿಸಿಕೊಳ್ಳುವುದು ಎಷ್ಟು ಸುಲಭ ಎಂದು ಬಲ್ಲವಳು.

ಸಾವಿರದ ಒಂಬೈನೂರ ತೊಂಬತ್ತಮೂರರ ಕೊನೆಗೆ ಒಂದು ದಾರಿ ಕಂಡಿತು. ಟೆಲಿಫೋನ್ ಇಲಾಖೆಯವರಿಗೆ ಎಲ್‌ಟಿಸಿ ಎಂಬ ಸವಲತ್ತು ಇತ್ತು. ನಾಲ್ಕು ವರ್ಷಕ್ಕೊಮ್ಮೆ ಮನೆಮಂದಿಯನ್ನು ದೇಶದ ಯಾವ ಮೂಲೆಗಾದರೂ ಸರ್ಕಾರದ ಖರ್ಚಿನಲ್ಲಿ ಕರೆದೊಯ್ಯಬಹುದು, ಬಳಸದಿದ್ದರೆ ಬಿದ್ದುಹೋಗುತ್ತದೆ. ಶಂಕರ ಅದನ್ನು ಇಷ್ಟು ವರ್ಷ ಬಿದ್ದುಹೋಗಲು ಬಿಟ್ಟಿದ್ದ.

"ಈ ಸಲ ಹಡಗಲ್ಲಿ ಹೋಗೋಣ," ಎಂದಳು ಕುಮಾರಿ.

ಶಂಕರ ಅನ್ನ ಕಲಸುತ್ತಿದ್ದವನು ನಿಲ್ಲಿಸಿದ. "ಹಡಗಾ?"

"ಮಕ್ಕಳು ಸಮುದ್ರ ನೋಡಲಿ ಅಂತ."

ಮಕ್ಕಳೆಂದರೆ ಒಂದನೇ ಕ್ಲಾಸಿನ ಮಾನಸ ಮತ್ತು ಎರಡು ತುಂಬಿದ ಗಣೇಶ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದು, ಬಾಗಿಲು ತೆರೆದಿದ್ದರೆ ಓಡುವುದು, ಇವೆರಡೇ ಗಣೇಶನ ಕಸುಬು.

ಹಡಗಿನ ವಿಚಾರ ಯಾರನ್ನು ಕೇಳುವುದು ಎಂಬ ಚಿಂತೆ ಶಂಕರನಿಗಿರಲಿಲ್ಲ. ದೂರದೂರುಗಳಿಗೆ ಕರೆ ಜೋಡಿಸುವ ಆಗಿನ ಟ್ರಂಕ್ ಆಪರೇಟರುಗಳದ್ದೇ ಒಂದು ಬಳಗ. ಮುಖ ನೋಡಿದವರಲ್ಲ, ದನಿಯಲ್ಲೇ ಪರಿಚಯ. ಕೊಚ್ಚಿಯ ಆಪರೇಟರನೊಬ್ಬ ಶಂಕರನಿಗೆ ಹಲವು ವರ್ಷಗಳ ಗೆಳೆಯ. ಲೈನು ಸಿಗದೆ ಕಾಯುವ ಹೊತ್ತಿನಲ್ಲಿ ಒಬ್ಬರ ಭಾಷೆಯನ್ನು ಇನ್ನೊಬ್ಬರು ಕಲಿತಿದ್ದರು. ಆತ ಬಂದರಿನಲ್ಲಿ ವಿಚಾರಿಸಿ ಮೂರು ಹಡಗುಗಳ ವಿವರ ಕೊಟ್ಟ. ಒಂದು ಮದ್ರಾಸಿನಿಂದ ಅಂಡಮಾನಿಗೆ. ಒಂದು ಕೊಚ್ಚಿಯಿಂದ ಲಕ್ಷದ್ವೀಪಕ್ಕೆ. ಮೂರನೆಯದು ವಿಚಿತ್ರ. ದ್ವೀಪಗಳ ನಡುವೆ ಓಡಾಡುವ ಹಡಗೊಂದು ವರ್ಷದ ರಿಪೇರಿಗೆಂದು ಕೊಚ್ಚಿಯಿಂದ ಕಲ್ಕತ್ತೆಗೆ ಹೋಗುವುದಿತ್ತು. ಖಾಲಿ ಹೋಗುವ ಬದಲು ಜನರನ್ನು ಹತ್ತಿಸಿಕೊಳ್ಳುತ್ತಾರಂತೆ. ಕನ್ಯಾಕುಮಾರಿ ಬಳಸಿ, ಸಿಂಹಳ ಸುತ್ತಿ, ಹೆಚ್ಚುಕಡಿಮೆ ಒಂದು ವಾರ ನೀರಿನ ಮೇಲೆ.

ಮಲ್ಲಾಜಮ್ಮ ಹುರುಳಿಯಲ್ಲಿ ಕಲ್ಲು ಆರಿಸುತ್ತ ಕೇಳಿಸಿಕೊಂಡಳು.

"ವಾಪಸ್ ಯಾವಾಗ ಬಂದದು ಅದು?"

"ವಾಪಸ್ ಬರಲ್ಲ ಕಣವ್ವ. ಹೋಗೋದು ಮಾತ್ರ. ನಾವು ರೈಲಲ್ಲಿ ಬರೋದು."

"ಓದ್ದು ಬರಕಿಲ್ಲ. ಅದೂ ಕೆಟ್ಟೋಗದ."

"ಕೆಟ್ಟಿಲ್ಲವ್ವ. ವರ್ಷಕ್ಕೊಂದ್ಸಲ ನೋಡ್ತಾರೆ. ಲಾರೀನ ಎಫ್‌ಸಿಗೆ ತಗೊಂಡೋಗಲ್ವಾ, ಹಂಗೆ."

ಈ ಹೋಲಿಕೆ ತಪ್ಪಾಯಿತು. ಮಲ್ಲಾಜಮ್ಮ ಮೊರವನ್ನು ಕೆಳಗಿಟ್ಟಳು. "ಚಿಕ್ಕಬಸವಯ್ಯನ ಲಾರೀನೂ ಎಫ್‌ಸಿಗೇ ಕಣ್ಲಾ ಓದ್ದು. ಬರೋವಾಗ ಎಂಗ್ ಬಂತು? ಚಕ್ರ ಒಂದ್ ಗಾಡಿಲಿ, ಬಾಗ್ಲು ಒಂದ್ ಗಾಡಿಲಿ. ರಿಪೇರಿಗ ಒಂಟಿರ ಬಸ್ಸಲ್ಲಿ ಮಕ್ಳ ಕೂರುಸ್ಕಂಡು ಯಾರಾರ ಜಾತ್ರಗ ಓದರಾ? ಅದ್ನೂ ಓಗ್ಲಿ ಅನ್ನು. ರೋಡಲ್ಲಿ ನಿಂತ್ರ ಇಳ್ದು ತಳ್ಳಬೌದು. ಅಲ್ಲಿ ಯಾರ್ ಇಳ್ದರು, ನಿಮ್ಮಪ್ಪ?"

ಶಂಕರನ ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು.

ಹಡಗು ಕುಲುಕುತ್ತದೆ, ಮಕ್ಕಳು ತಡೆಯುತ್ತವೆಯೋ ಇಲ್ಲವೋ ಎಂಬ ಪ್ರಶ್ನೆ ಮುಂದೆ ಬಂತು. ಪರೀಕ್ಷಿಸಲು ಶಂಕರ ಇಬ್ಬರನ್ನೂ ಭಾನುವಾರ ಊಟಿಯ ಬಸ್ಸು ಹತ್ತಿಸಿದ. ಗಣೇಶ ಬಂಡೀಪುರದ ಗೇಟಿನಲ್ಲೇ ನಿದ್ದೆಹೋದ. ಮಾನಸ ತಿರುವು ಎಣಿಸಿಕೊಂಡು ಕುಳಿತಳು. ಶಂಕರ ಮೊದಲನೇ ತಿರುವಿನಿಂದ ಕೊನೆಯ ತಿರುವಿನವರೆಗೆ ಕಿಟಕಿಯಾಚೆ ತಲೆ ಹಾಕಿದ್ದ. ಮನೆಗೆ ಬಂದ ಮೇಲೆ ಮಾನಸ ಅಜ್ಜಿಗೆ ವರದಿ ಒಪ್ಪಿಸಿದಳು: "ಅಜ್ಜಿ, ನಾವು ಪಾಸು. ಅಪ್ಪ ಫೇಲು."

ಆಮೇಲೆ ಮಲ್ಲಾಜಮ್ಮನ ವಿಚಾರಣೆ ಶುರುವಾಯಿತು. ಬೆಳಿಗ್ಗೆ ಅವಳು ಪ್ರಶ್ನೆ ಕೊಡುವಳು, ಶಂಕರ ಅದನ್ನು ಕೊಚ್ಚಿಗೆ ಸಾಗಿಸುವನು, ಸಂಜೆ ಉತ್ತರ ಹೊತ್ತು ಬರುವನು.

"ಹಿಟ್ಟು ಸಿಕ್ಕದಾ?"

"ಇಲ್ವಂತೆ. ಅನ್ನ, ಬ್ರೆಡ್ಡು, ಮೀನು."

"ಯಾವ್ ಮೀನು?"

"ಸಮುದ್ರದ್ದು."

"ಮುಳ್ಳು ದಪ್ಪ ಇರ್ತದ, ಆಗ್ಲಿ, ಮಕ್ಳ ಗಂಟ್ಲಲ್ಲಿ ಸಿಕ್ಕಕಿಲ್ಲ. ಹಾಲು?"

"ಪುಡಿ ಹಾಲು."

"ಆ ಪುಡಿ ಯಾವ್ ಎಮ್ಮ ಕೊಡ್ತದೋ. ಕಂಬಿ ಸಂದಿಲಿ ಗಣೇಸನ ತಲ ತೂರ್ತದಾ ಕೇಳು."

ಈ ಪ್ರಶ್ನೆಗೆ ಉತ್ತರ ಬರಲು ಎರಡು ದಿನ ಹಿಡಿಯಿತು. ಕೊಚ್ಚಿಯ ಪುಣ್ಯಾತ್ಮ ತನ್ನ ತಂಗಿಯ ಮಗುವನ್ನು ಎತ್ತಿಕೊಂಡು ಬಂದರಿಗೆ ಹೋಗಿ, ಹಡಗಿನ ಕಂಬಿಯ ಬಳಿ ನಿಲ್ಲಿಸಿ ನೋಡಿ ಬಂದಿದ್ದ. ತಲೆ ತೂರಲಿಲ್ಲ, ಕಿವಿ ಕೆಂಪಾಯಿತು ಎಂದು ಹೇಳಿಕಳಿಸಿದ.

"ಆದ್ರೂವಿ ಸೊಂಟಕ್ಕ ಒಂದ್ ಹಗ್ಗ ಕಟ್ಟಿ," ಎಂದಳು ಮಲ್ಲಾಜಮ್ಮ. "ಕರಾನೂ ಕಟ್ಟಲ್ವಾ? ಇನ್ನೊಂದು ಕೇಳ್ಲಾ. ಮಧ್ಯದಲ್ಲಿ ಯಾರಾರ ಅತ್ಕಂಡರಾ?"

"ಅಂದ್ರೆ?"

"ಎಲ್ಲಾರ ನಿಲ್ಸಿ, ಜನ ಅತ್ತುಸ್ಕಂಡರಾ, ಬಸ್ಸಂಗ?"

ಅತ್ತೆಗೆ ಕಳ್ಳರ ಭಯ ಎಂದುಕೊಂಡಳು ಕುಮಾರಿ. ಕೊಚ್ಚಿಯಿಂದ ಉತ್ತರ ಬಂತು: ಒಮ್ಮೆ ದಡ ಬಿಟ್ಟರೆ ಕಲ್ಕತ್ತೆಯವರೆಗೆ ನರಪಿಳ್ಳೆಯೂ ಹತ್ತುವಂತಿಲ್ಲ. ಮಲ್ಲಾಜಮ್ಮ ಸೊಸೆಯ ಮುಖವನ್ನೊಮ್ಮೆ ನೋಡಿ, ಎಲೆಅಡಿಕೆ ಚೀಲಕ್ಕೆ ಕೈ ಹಾಕಿದಳು.

ಕುಮಾರಿಯ ಆಯ್ಕೆ ಆಗಿತ್ತು. ಲಕ್ಷದ್ವೀಪ ಬೇಡ, ಅಲ್ಲಿ ಮಕ್ಕಳನ್ನು ನಡುನೀರಿನಲ್ಲಿ ಸಣ್ಣ ದೋಣಿಗೆ ಇಳಿಸುತ್ತಾರೆ ಎಂದಳು. ಅಂಡಮಾನಿನ ಹಡಗು ಜನದಿಂದ ಗಿಜಿಗುಡುತ್ತದೆ, ಮಕ್ಕಳಿಗೆ ಕಾಯಿಲೆ ಅಂಟುತ್ತದೆ ಎಂದಳು. ಮದ್ರಾಸಿನಲ್ಲಿ ಶಂಕರನ ದೊಡ್ಡಪ್ಪನ ಮಗ ದೊಡ್ಡಮಾದಯ್ಯ ಎಂಟು ಜನರ ಸಂಸಾರ ಸಮೇತ ಇದ್ದಾನೆ, ಹಡಗು ಎಂದರೆ ಅವರೂ ಗಂಟು ಕಟ್ಟುತ್ತಾರೆ ಎಂಬುದನ್ನು ಹೇಳಲಿಲ್ಲ. ರಿಪೇರಿಗೆ ಹೊರಟ ಹಡಗೇ ಆಗಬೇಕು: ಉದ್ದ ದಾರಿ, ಖಾಲಿ ಹಡಗು, ಮಕ್ಕಳು ಓಡಾಡಲು ಬೇಕಾದಷ್ಟು ಜಾಗ. ಐದು ಜನರ ಜಾಗ ಹಿಡಿದಿಡಲು ಶಂಕರ ಕೊಚ್ಚಿಗೆ ಹೇಳಿದ. ಐದನೆಯವಳು ಯಾರೆಂದು ಕುಮಾರಿ ಬಾಯಿ ಬಿಟ್ಟು ಕೇಳಲಿಲ್ಲ. ನೆಂಟರಿಲ್ಲದ ವಾರವೆಂದರೆ ಅತ್ತೆಯಿಲ್ಲದ ವಾರವಲ್ಲ ಎಂದು ಮನಸ್ಸಿಗೆ ಹೇಳಿಕೊಂಡಳು. ಹಡಗಿನ ಕಿಟಕಿಯ ಪಕ್ಕ ಯಾರು ಕೂರುತ್ತಾರೆ ಎಂಬುದೂ ಅವಳಿಗೆ ಗೊತ್ತಿತ್ತು.

"ಸೋಮವಾರ ಖಾತ್ರಿ ಹೇಳ್ಬೇಕು," ಎಂದ ಶಂಕರ. "ಇಲ್ದಿದ್ರೆ ಬೇರೆಯವರಿಗೆ ಕೊಡ್ತಾರಂತೆ."

"ಹಂಗಾರ ಭಾನುವಾರ ಊರ್ಗ ಓಗನ," ಎಂದಳು ಮಲ್ಲಾಜಮ್ಮ. "ದೇವರ ಕೇಳ್ದೆ ನೀರ್ ದಾಟಬಾರ್ದು."

ಅಲ್ಲಿಗೆ ಹಡಗು ಮುಳುಗಿತು ಎಂದುಕೊಂಡಳು ಕುಮಾರಿ. ಕುದೇರಿನಾಚೆ ಅವರ ಮನೆದೇವರು ಬೀರಪ್ಪನ ಗುಡಿ. ಅಲ್ಲಿ ಹೂ ಕೇಳುವುದು ಹಿಂದಿನಿಂದ ಬಂದ ಪದ್ಧತಿ. ಮನೆಯ ಹಿರಿಯರು ಎರಡು ಕಣಗಿಲೆ ಹೂ ನೆನೆಸಿ ಕೊಡಬೇಕು. ಪೂಜಾರಿ ಅವನ್ನು ದೇವರ ಎರಡು ಭುಜಗಳಿಗೆ ಅಂಟಿಸುತ್ತಾನೆ. ಒದ್ದೆಯಿರುವಷ್ಟು ಹೊತ್ತು ಹೂ ನಿಲ್ಲುತ್ತದೆ, ಆರಿದರೆ ಉದುರುತ್ತದೆ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಗ್ಯಾಸ್ ಒಲೆ ತರಬೇಕೆಂದಾಗ ಹೀಗೆ ಕೇಳಿದ್ದರು: ಎಡ. ಟೀವಿಗೆ ಕೇಳಿದ್ದರು: ಎಡ. ಬಸ್ ನಿಲ್ದಾಣದಿಂದ ದೂರದ ಬೀದಿಯಲ್ಲಿ ಒಂದು ಮನೆ ಖಾಲಿಯಾದಾಗ ಕೇಳಿದ್ದರು. ಆಗ ಎಡಗಡೆಯ ಹೂ, ಪೂಜಾರಿ ಕೈ ತೆಗೆಯುವುದನ್ನೂ ಕಾಯಲಿಲ್ಲ. ಆ ದೇವರೂ ಅತ್ತೆಯೂ ಎಲ್ಲ ವಿಷಯದಲ್ಲೂ ಒಂದೇ ಅಭಿಪ್ರಾಯದವರು ಎಂದು ಕುಮಾರಿ ನಂಬಿದ್ದಳು.

ಭಾನುವಾರ ಬೆಳಿಗ್ಗೆ ಚಾಮರಾಜನಗರದಲ್ಲಿ ಬಸ್ಸು ಬದಲಾಯಿಸಿ ಕುದೇರಿಗೆ ಹೋದರು. ಎರಡು ಬಸ್ಸಿನಲ್ಲೂ ಮಲ್ಲಾಜಮ್ಮ ಕಿಟಕಿಯ ಪಕ್ಕ ಕುಳಿತಳು.

ಪೂಜಾರಿ ಚಿಕ್ಕಬೀರಯ್ಯ ಗುಡಿಯ ಕಟ್ಟೆ ಗುಡಿಸುತ್ತಿದ್ದ. "ಏನ್ ಕೇಳ್ಬೇಕು ಮಲ್ಲಾಜಮ್ಮ?"

"ನೀರ್ ಮ್ಯಾಲ ಓಗ ವಿಚಾರ."

"ಕಬಿನಿಗಾ?"

"ಸಮುದ್ರಕ್ಕ."

ಚಿಕ್ಕಬೀರಯ್ಯ ಪೊರಕೆಯ ಮೇಲೆ ಕೈಯೂರಿ ಯೋಚಿಸಿದ. "ನಮ್ ಬೀರಪ್ಪನ ಮಾತು ಅಲ್ಲಿಗಂಟ ನಡ್ದದೋ ಇಲ್ವೋ. ಅಲ್ಲಿಯವ್ರು ಬೇರೆ ಇರ್ತಾರ."

"ನೀ ಕೇಳು. ನಡ್ದಷ್ಟು ನಡೀಲಿ."

ಕರ್ಪೂರ ಹತ್ತಿತು. ಗಣೇಶ ಗಂಟೆಯ ಹಗ್ಗವನ್ನು ಬಾಯಿಗಿಟ್ಟುಕೊಂಡ. ಮಲ್ಲಾಜಮ್ಮ ಕೈಮುಗಿದು, ಸಂತೆಯಲ್ಲಿ ದರ ಕೂಗುವ ದನಿಯಲ್ಲೇ ದೇವರಿಗೆ ಹೇಳಿದಳು: "ಸ್ವಾಮಿ, ನನ್ ಮಗ, ಸೊಸ, ಎರಡ್ ಮಕ್ಳು. ಈ ನಾಕ್ ಜನ ಅಡಗಲ್ಲಿ ಓಗಬೌದು ಅಂದ್ರ ಬಲಗಡಿಂದ ಕೊಡು. ಬ್ಯಾಡ ಅಂದ್ರ ಎಡಗಡಿಂದ."

ಶಂಕರ ಬಗ್ಗಿ ಪಿಸುಗುಟ್ಟಿದ. "ಅವ್ವ, ಐದು ಜನ."

"ನಾಕೇ ಕಣ್ಲಾ. ಮನಗ ಬಂದೋರ್ಗ ಬಾಗ್ಲು ಯಾರ್ ತಗ್ದರು, ಆ ಕೊಚ್ಚಿಯವ್ನಾ?"

ಕುಮಾರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಹೇಗೂ ಎಡ ಬೀಳುತ್ತದೆ. ಬೀಳುವ ಮುಂಚೆ ನಾನಂತೂ ನನ್ನ ಜಾಗ ಬಿಟ್ಟುಕೊಟ್ಟಿದ್ದೆ ಎಂದು ಹತ್ತು ವರ್ಷ ಹೇಳಿಕೊಳ್ಳಲು ಅತ್ತೆಗೆ ಒಂದು ಮಾತು ಸಿಕ್ಕಿತು, ಅಷ್ಟೆ. ಅವಳು ಬೇಸರದಿಂದ ಅತ್ತೆಯ ಕೈಗಳನ್ನೇ ನೋಡುತ್ತ ನಿಂತಳು.

ಮಲ್ಲಾಜಮ್ಮ ತಂಬಿಗೆಯ ನೀರಿನಲ್ಲಿ ಒಂದು ಹೂವನ್ನು ಅದ್ದಿ, ನೀರು ತೊಟ್ಟಿಕ್ಕುತ್ತಿದ್ದಂತೆಯೇ ಪೂಜಾರಿಯ ಕೈಗಿಟ್ಟಳು. "ಇದು ಎಡಕ್ಕ." ಎರಡನೆಯದನ್ನೂ ಅದ್ದಿದಳು. ಚಿಕ್ಕಬೀರಯ್ಯ ದೇವರ ಕಡೆ ತಿರುಗಿ ಎಡಗಡೆಯದನ್ನು ಒತ್ತಿ ಅಂಟಿಸುತ್ತಿದ್ದ. ಶಂಕರ ಕಣ್ಣು ಮುಚ್ಚಿದ್ದ. ಮಲ್ಲಾಜಮ್ಮ ಹೂವನ್ನು ಸೆರಗಿನ ಒಳಗೆ ತೆಗೆದುಕೊಂಡು, ಸ್ನಾನವಾದ ಮಗುವಿನ ತಲೆ ಒರೆಸುವಂತೆ, ಒಂದು ಹನಿ ನೀರೂ ಉಳಿಯದ ಹಾಗೆ ಒರೆಸಿದಳು. ಕಣಗಿಲೆ ಬಾಡಿ ಕಾಗದದಂತಾಯಿತು. ಆ ಕೈಗಳಿಗೆ ಆ ಕೆಲಸ ಹೊಸದಲ್ಲ ಎಂಬುದು ಕುಮಾರಿಗೆ ತಿಳಿಯಿತು. ಗ್ಯಾಸ್ ಒಲೆಯ ದಿನ ಯಾವ ಹೂವಿಗೆ ಆ ಸೆರಗು ಸಿಕ್ಕಿತ್ತೆಂಬುದೂ ತಿಳಿಯಿತು.

"ಇದು ಬಲಕ್ಕ," ಎಂದು ಮಲ್ಲಾಜಮ್ಮ ಪೂಜಾರಿಗೆ ಕೊಟ್ಟಳು. ಆಮೇಲೆ ತಿರುಗಿ, ಬಿಟ್ಟಕಣ್ಣಿನಲ್ಲಿ ನಿಂತಿದ್ದ ಸೊಸೆಯನ್ನು ಕಂಡಳು.

"ಏನ್ ಕಣಮ್ಮಿ ಅಂಗ್ ನೋಡಿಯೆ? ದೇವರ ಮುಂದ ಕಣ್ ಬುಟ್ಕಂಡ್ ನಿಂತ್ಕಬಾರ್ದು. ಮುಚ್ಚು."

ಕುಮಾರಿ ಕಣ್ಣು ಮುಚ್ಚಿದಳು.