ದೊಡ್ಡಮ್ಮನ ಕಿತ್ತಳೆ ಮರಗಳು

ನಿನ್ನೆ ಮೊಮ್ಮಗಳು ಕಿತ್ತಳೆ ಸುಲಿಯುವಾಗ ಸಿಪ್ಪೆಯ ರಸ ಸಿಡಿದು ನನ್ನ ಕಣ್ಣಿಗೆ ಬಿತ್ತು. ಉರಿಗೆ ಕಣ್ಣು ಮುಚ್ಚಿಕೊಂಡೆ. ಆ ಘಾಟಿಗೆ ಪಕ್ಕದ ಮನೆಯ ದೊಡ್ಡಮ್ಮ ನೆನಪಾದಳು... ಸಂಬಂಧದಲ್ಲಿ ಅವಳು ನಮಗೆ ಏನೂ ಅಲ್ಲ. ಕರೆದು ಕರೆದು ದೊಡ್ಡಮ್ಮ ಆಗಿದ್ದಳು.

ಆಗ ಮಡಿಕೇರಿಯಲ್ಲಿ ಇನ್ನೂ ಬಿಳಿಯ ಕಮಿಷನರ ಆಡಳಿತ. ಮಳೆ ನಿಂತು, ಹುತ್ತರಿ ಹಬ್ಬ ಕಳೆದು, ಬಿಸಿಲು ಹದವಾದರೆ ಅವರ ಮನೆಯವರೂ ನಮ್ಮ ಮನೆಯವರೂ ಗಾಡಿ ಕಟ್ಟಿಕೊಂಡು ಗುಡ್ಡದಾಚೆಯ ಅವಳ ತೋಟಕ್ಕೆ ಹಣ್ಣಿಳಿಸಲು ಹೊರಡುತ್ತಿದ್ದೆವು. ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ, ಜೇನುತುಪ್ಪದ ಕುಡಿಕೆ. ಮರದ ಕೆಂಜಿಗ ಇರುವೆ ಕಚ್ಚಿಸಿಕೊಂಡು ಕುಣಿಯುವವರು ಕುಣಿಯಲಿ, ನಗುವವರು ನಗಲಿ, ಹಣ್ಣನ್ನು ಮಾತ್ರ ಜಗ್ಗುವ ಹಾಗಿಲ್ಲ. ಜಗ್ಗಿದರೆ ತೊಟ್ಟಿನ ಹತ್ತಿರ ಸಿಪ್ಪೆ ಹರಿದು ಮಾರನೆಯ ದಿನಕ್ಕೆ ಕೊಳೆಯುತ್ತಿತ್ತು. "ಮೆಲ್ಲಗೆ ತಿರುವ್ರೇ, ಅದೇನು ಹಸುವಿನ ಬಾಲ ಅಲ್ಲ" ಎಂದು ದೊಡ್ಡಮ್ಮ ಕೆಳಗಿನಿಂದ ಬೈಯುತ್ತಿದ್ದಳು.

ಆ ನಾಲ್ಕಾರು ಮರಗಳು ಅವಳು ತವರಿನಿಂದ ಸಸಿ ತಂದು ಬೆಳೆಸಿದವು. ದೊಡ್ಡಪ್ಪನಿಗೆ, ಅಂದರೆ ಅವಳ ಗಂಡನಿಗೆ, ದೊರೆಗಳ ಎಸ್ಟೇಟು ಕಂಡು ಕಾಫಿಯ ಹುಚ್ಚು ಹಿಡಿದಿತ್ತು. ಒಂದು ವರ್ಷ ಗಾಡಿಯಲ್ಲೇ ಹೇಳಿಬಿಟ್ಟರು: "ಈ ಸಲದ ಹಣ್ಣು ಇಳಿಸ್ಕೊಳ್ಳಿ. ನಾಳೆ ಕಡಿಸ್ತೀನಿ." ತೋಟ ತಲುಪಿದ್ದೇ ದೊಡ್ಡಮ್ಮ ಒಂದೊಂದು ಮರದ ಬುಡವನ್ನೂ ಮುಟ್ಟಿ ಬಂದಳು.

ಮಧ್ಯಾಹ್ನ ದೊಡ್ಡಪ್ಪ ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋಗಿದ್ದರು. ಬೇಲಿಯಾಚೆ ತುಂಬು ಬಸುರಿಯೊಬ್ಬಳು ಅಣ್ಣನ ಜೊತೆ ತವರಿಗೆ ಹೊರಟಿದ್ದಳು. ಹಣ್ಣಿನ ರಾಶಿ ಕಂಡು ಒಂದು ಗಳಿಗೆ ನಿಂತಳು. ದೊಡ್ಡಮ್ಮ ಓಡಿಹೋಗಿ ಅವಳನ್ನು ಕರೆತಂದು ನೆರಳಿಗೆ ಕೂರಿಸಿದಳು. ಒಂದು ಹಣ್ಣು ಸುಲಿದು ಕೊಟ್ಟಳು. ಆಮೇಲೆ ಇನ್ನೊಂದು ಮರದ್ದು, ಮತ್ತೊಂದು ಮರದ್ದು...

"ಸಾಕು ಅಮ್ಮಾ, ಹೊಟ್ಟೇಲಿ ಜಾಗ ಇಲ್ಲ."

"ಆ ಮೂಲೆ ಮರದ್ದೊಂದು ತಿಂದ್ಬಿಡು ತಾಯಿ. ಅದೊಂದೇ ಉಳ್ದಿರೋದು."

ಬಸುರಿಯ ಬಯಕೆ ತೀರಿಸಿದ ಮರಕ್ಕೆ ಆ ವರ್ಷ ಕೊಡಲಿ ಹಾಕಬಾರದು ಎಂಬುದು ನಮ್ಮ ಕಡೆಯ ಹಿರಿಯರ ಮಾತು. ದೊಡ್ಡಪ್ಪ ಹುಲಿಗೆ ಹೆದರಿದವರಲ್ಲ, ಇಂಥವಕ್ಕೆ ಹೆದರುತ್ತಿದ್ದರು. ಎತ್ತು ಹೊಡೆದುಕೊಂಡು ಬಂದವರಿಗೆ ದೊಡ್ಡಮ್ಮ ತಣ್ಣಗೆ ಹೇಳಿದಳು: "ಪಾಪ, ಈ ಮಗೀಗೆ ಬಯಕೆ ಆಗಿತ್ತು. ಎಲ್ಲಾ ಮರದ್ದೂ ತಿಂದ್ಲು. ಬೇಕಾದ್ರೆ ನಾಳೆ ಕಡಿಸಿ." ದೊಡ್ಡಪ್ಪ ಗೊಣಗುತ್ತಾ ಗಾಡಿ ಹೂಡಿದರು.

ಅಲ್ಲಿಂದ ಪ್ರತಿ ವರ್ಷ ಇದೇ ಆಟ. ಹಣ್ಣು ಬಣ್ಣ ತಿರುಗುವ ಮೊದಲೇ ಯಾರ ಮನೆಯಲ್ಲಿ ಯಾರು ಬಸುರಿ ಎಂದು ದೊಡ್ಡಮ್ಮ ಊರೆಲ್ಲ ವಿಚಾರಿಸಿಕೊಂಡು ಬರುತ್ತಿದ್ದಳು. ಮದುವೆಯಾಗಿ ನಾನು ಬಸುರಿಯಾಗಿ ತವರಿಗೆ ಬಂದಾಗ ನನ್ನಲ್ಲಿಗೂ ಬಂದಳು. ನನಗೋ ಕಿತ್ತಳೆಯ ವಾಸನೆಗೇ ವಾಂತಿ. "ಈ ಸಲ ಊರಲ್ಲಿ ನಿನ್ ಬಿಟ್ರೆ ಯಾರೂ ಇಲ್ಲ ಕಣೇ" ಎಂದಳು. ಮೂಗು ಹಿಡಿದುಕೊಂಡು ಒಂದೊಂದು ಮರದ್ದು ಒಂದೊಂದು ತೊಳೆ ನುಂಗಿದೆ. ಕೊನೆಯ ತೊಳೆ ಇಳಿಯುವವರೆಗೂ ಅವಳು ಕದಲಲಿಲ್ಲ.

ಮುಂದಿನ ಮಳೆಗಾಲದಲ್ಲಿ ದೊಡ್ಡಮ್ಮ ಜ್ವರದಿಂದ ತೀರಿಕೊಂಡಳು. ಇನ್ನು ಮರಗಳ ಕಥೆ ಮುಗಿಯಿತು ಎಂದುಕೊಂಡೆವು. ಹುತ್ತರಿ ಕಳೆಯಿತು. ನಾನು ಕೂಸಿನೊಂದಿಗೆ ತವರಿನಲ್ಲಿದ್ದಾಗ ಒಂದು ಬೆಳಿಗ್ಗೆ ದೊಡ್ಡಪ್ಪ ಕಿತ್ತಳೆಯ ಕುಕ್ಕೆ ಹೊತ್ತು ನಮ್ಮ ಜಗುಲಿಗೆ ಬಂದರು. ಅಮ್ಮನನ್ನು ನೋಡದೆ ನೆಲ ನೋಡುತ್ತಾ ಕೇಳಿದರು: "ಊರಲ್ಲಿ ಯಾರಾದ್ರೂ ಬಸುರಿ ಇದ್ದಾರೇನವ್ವ?"

ಈಗ ಅವರೂ ಇಲ್ಲ. ಮರಗಳು ರೋಗ ಬಂದು ತಾವಾಗಿಯೇ ಒಣಗಿದವು. ಆ ಜಾಗದಲ್ಲಿ ಕಾಫಿ ಚೆನ್ನಾಗಿ ಬಂದಿದೆ ಎನ್ನುತ್ತಾರೆ. ನಾನು ನೋಡಲು ಹೋಗಿಲ್ಲ.