ದಾನಪತ್ರದಲ್ಲಿ ಒಂದೂ ತಪ್ಪಿರಲಿಲ್ಲ

2023ರ ಮಾರ್ಚ್ ತಿಂಗಳು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ತೆರಿಗೆ ಸಲಹೆಗಾರನಾಗಿ ಕೂತು ನನಗೆ ಆಗಲೇ ಮೂವತ್ತೊಂದು ವರ್ಷವಾಗಿತ್ತು. ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ನಿವೃತ್ತರು. ಬ್ಯಾಂಕು, ಶಾಲೆ, ಸರ್ಕಾರಿ ಕಾರ್ಖಾನೆಗಳಲ್ಲಿ ದುಡಿದು ಬನಶಂಕರಿ, ಪದ್ಮನಾಭನಗರ, ಜೆ.ಪಿ. ನಗರದ ಕಡೆ ನೆಲೆಯಾದವರು. ತೆರಿಗೆ ಕದಿಯುವ ಜನ ಅಲ್ಲ. ಆದರೆ ಕಟ್ಟಬೇಕಾಗಿಲ್ಲದ ನೂರು ರೂಪಾಯಿ ಕಟ್ಟಿದ್ದೇವೆ ಎಂದು ಗೊತ್ತಾದರೆ ವಾರಗಟ್ಟಲೆ ಕೊರಗುವವರು. ಆ ನೂರು ರೂಪಾಯಿ ಉಳಿಸಿಕೊಡುವುದೇ ನನ್ನ ಹೊಟ್ಟೆಪಾಡು. ಅದರಲ್ಲಿ ನನಗೆ ಒಂದಿಷ್ಟು ಜಂಬವೂ ಇತ್ತು, ಮುಚ್ಚಿಡುವುದೇಕೆ.

ಆ ತಿಂಗಳ ಎರಡನೇ ವಾರ ವಿಶಾಲಾಕ್ಷಿ ಮೇಡಂ ಮಗಳನ್ನು ಕರೆದುಕೊಂಡು ಬಂದರು. ಮೇಡಂ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಮೂವತ್ನಾಲ್ಕು ವರ್ಷ ಗಣಿತ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಆಗ ಅರವತ್ತೇಳು ವರ್ಷ. ಯಜಮಾನರು ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ಸುಮನಾ, ನಲವತ್ತರ ಆಸುಪಾಸು, ಖಾಸಗಿ ಕಾಲೇಜೊಂದರಲ್ಲಿ ಲೈಬ್ರೇರಿಯನ್. ತಾಯಿ ಮಗಳು ಇಬ್ಬರೂ ಚಿಕ್ಕಲಸಂದ್ರದಲ್ಲಿ ಬಾಡಿಗೆ ಮನೆಯಲ್ಲಿದ್ದರು. ಮೇಡಂ ಬಳಿ ನಲವತ್ತು ಲಕ್ಷ ರೂಪಾಯಿ ಇತ್ತು. ಗ್ರಾಚ್ಯುಟಿ, ಭವಿಷ್ಯ ನಿಧಿ, ಬಳಸದೆ ಉಳಿದ ರಜೆಗೆ ಸಿಕ್ಕ ಹಣ, ಪಿಂಚಣಿಯ ಒಂದು ಭಾಗ ಬಿಟ್ಟುಕೊಟ್ಟು ಪಡೆದ ಹಣ, ಎಲ್ಲ ಸೇರಿ ಬಂದ ಮೊತ್ತ. ಇನ್ನೊಂದೆರಡು ವರ್ಷದಲ್ಲಿ ಸುಬ್ರಹ್ಮಣ್ಯಪುರದ ಕಡೆ ಎರಡು ಕೋಣೆಯ ಒಂದು ಫ್ಲ್ಯಾಟ್ ಕೊಳ್ಳಬೇಕು ಎನ್ನುವುದು ಅವರ ಆಸೆ.

"ಪಾರ್ಕಲ್ಲಿ ವಾಕಿಂಗ್ ಬರೋರೊಬ್ರು ಹೇಳಿದ್ರು ಸಾರ್, ದುಡ್ಡನ್ನ ಮಗಳ ಹೆಸರಿಗೆ ಹಾಕ್ಬಿಟ್ರೆ ಟ್ಯಾಕ್ಸೇ ಇರಲ್ಲಂತೆ. ಹೌದಾ?" ಎಂದು ಕೇಳಿದರು.

ಪಾರ್ಕಿನ ತೆರಿಗೆ ಸಲಹೆಗಳು ಸಾಮಾನ್ಯವಾಗಿ ತಪ್ಪಾಗಿರುತ್ತವೆ. ಇದು ಸರಿಯಿತ್ತು. ಓದುಗರಿಗೂ ನಿಯಮ ತಿಳಿದಿರಲಿ. ಹೊರಗಿನವರಿಂದ ವರ್ಷಕ್ಕೆ ಐವತ್ತು ಸಾವಿರಕ್ಕಿಂತ ಹೆಚ್ಚು ಉಡುಗೊರೆ ಪಡೆದರೆ ಪಡೆದವರು ತೆರಿಗೆ ಕಟ್ಟಬೇಕು. ಆದರೆ ತಾಯಿ ಮಗಳಿಗೆ ಎಷ್ಟೇ ಕೊಟ್ಟರೂ ಕೊಟ್ಟವರಿಗೂ ತೆರಿಗೆಯಿಲ್ಲ, ಪಡೆದವರಿಗೂ ಇಲ್ಲ. ಎರಡನೆಯದು, ಕೊಟ್ಟ ಮೇಲೆ ಆ ಹಣದ ಬಡ್ಡಿ ಯಾರ ಆದಾಯ ಎನ್ನುವ ಪ್ರಶ್ನೆ. ಹೆಂಡತಿಗೋ ಗಂಡನಿಗೋ ಸೊಸೆಗೋ ಕೊಟ್ಟರೆ, ಅಥವಾ ಹದಿನೆಂಟು ತುಂಬದ ಮಕ್ಕಳ ಹೆಸರಿನಲ್ಲಿಟ್ಟರೆ, ಬಡ್ಡಿಯನ್ನು ತಿರುಗಿ ಕೊಟ್ಟವರ ಅಥವಾ ತಂದೆ ತಾಯಿಯ ಆದಾಯಕ್ಕೇ ಸೇರಿಸುತ್ತಾರೆ. ಇದಕ್ಕೆ ಕ್ಲಬ್ಬಿಂಗ್ ಎನ್ನುತ್ತೇವೆ. ವಯಸ್ಕ ಮಗಳಿಗೆ ಕೊಟ್ಟರೆ ಕ್ಲಬ್ಬಿಂಗ್ ಇಲ್ಲ. ಬಡ್ಡಿ ಪೂರ್ತಿ ಅವಳದು.

ಕಾಗದ ತೆಗೆದು ಲೆಕ್ಕ ಹಾಕಿದೆ. ಮೇಡಂ ಪಿಂಚಣಿ ವರ್ಷಕ್ಕೆ ಐದು ಲಕ್ಷ ನಲವತ್ತು ಸಾವಿರ. ನಲವತ್ತು ಲಕ್ಷಕ್ಕೆ ಶೇಕಡ ಏಳರಂತೆ ಬಡ್ಡಿ ಎರಡು ಲಕ್ಷ ಎಂಬತ್ತು ಸಾವಿರ. ಪಿಂಚಣಿಗೆ ಸಿಗುವ ಐವತ್ತು ಸಾವಿರದ ಕಡಿತ ಕಳೆದರೂ ಏಳು ಲಕ್ಷ ಎಪ್ಪತ್ತು ಸಾವಿರ ಉಳಿಯುತ್ತದೆ. ಆ ಏಪ್ರಿಲ್‌ನಿಂದ ಹೊಸ ಪದ್ಧತಿಯಲ್ಲಿ ಏಳು ಲಕ್ಷದವರೆಗೆ ತೆರಿಗೆಯಿಲ್ಲ. ಇವರು ಅದನ್ನು ದಾಟುವುದರಿಂದ ಮೂವತ್ತಮೂರು ಸಾವಿರದ ಇನ್ನೂರ ಎಂಬತ್ತು ರೂಪಾಯಿ ಕಟ್ಟಬೇಕು. ಸುಮನಾಳ ಸಂಬಳ ತಿಂಗಳಿಗೆ ಇಪ್ಪತ್ತನಾಲ್ಕು ಸಾವಿರ. ಬಡ್ಡಿ ಅವಳಿಗೆ ಹೋದರೆ ತಾಯಿಗೂ ಸೊನ್ನೆ, ಮಗಳಿಗೂ ಸೊನ್ನೆ.

ಸುಮನಾ ತಾಯಿಯ ಕಡೆ ತಿರುಗಿದಳು. "ಪೂರ್ತಿ ಯಾಕಮ್ಮ? ಸ್ವಲ್ಪ ಕೊಡು ಸಾಕು. ಮಿಕ್ಕಿದ್ದು ನಿನ್ನ ಹೆಸರಲ್ಲೇ ಇರ್ಲಿ."

ಅವಳು ಹೇಳಿದ್ದು ಲೆಕ್ಕದ ಪ್ರಕಾರವೂ ಸರಿ. ಹತ್ತು ಲಕ್ಷ ಕೊಟ್ಟಿದ್ದರೂ ಆ ವರ್ಷದ ತೆರಿಗೆ ಸೊನ್ನೆಯಾಗುತ್ತಿತ್ತು. ಆದರೆ ಪಿಂಚಣಿ ವರ್ಷವರ್ಷ ಏರುತ್ತದೆ, ಬಡ್ಡಿ ದರ ಬದಲಾಗುತ್ತದೆ, ಪ್ರತಿ ಮಾರ್ಚ್‌ನಲ್ಲೂ ಮತ್ತೆ ಕೂತು ಇನ್ನಷ್ಟು ವರ್ಗಾಯಿಸಬೇಕಾಗುತ್ತದೆ. ನನಗೆ ಅಚ್ಚುಕಟ್ಟು ಮುಖ್ಯ. "ಪದೇ ಪದೇ ಯಾಕಮ್ಮ ಈ ತಲೆನೋವು, ಒಂದೇ ಸಲ ಮುಗಿಸ್ಬಿಡಿ," ಎಂದೆ. ಮೇಡಂ ಮಗಳ ಬೆನ್ನು ತಟ್ಟಿ, "ನಾನು ಬೇರೆ, ನೀನು ಬೇರೆನಾ?" ಎಂದರು. ಅಲ್ಲಿಗೆ ತೀರ್ಮಾನವಾಯಿತು.

ದಾನಪತ್ರವನ್ನು ನಾನೇ ಬರೆದೆ. ಹಣದ ಉಡುಗೊರೆಗೆ ದಾನಪತ್ರ ಕಡ್ಡಾಯವೇನಲ್ಲ, ಬ್ಯಾಂಕಿನ ವರ್ಗಾವಣೆಯೇ ಸಾಕು. ಆದರೆ ಮುಂದೆ ತೆರಿಗೆ ಇಲಾಖೆ ಇಷ್ಟು ದುಡ್ಡು ಎಲ್ಲಿಂದ ಬಂತು ಎಂದು ಕೇಳಿದರೆ ತೋರಿಸಲು ಒಂದು ದಾಖಲೆ ಬೇಕು ಎನ್ನುವುದು ನನ್ನ ಪದ್ಧತಿ. ನಮ್ಮ ಕಡೆಯ ಪತ್ರಗಳಲ್ಲಿ ಮದುವೆಯಾದ ಹೆಣ್ಣಿನ ಹೆಸರಿನ ಮುಂದೆ 'ಕೋಂ' ಎಂದು ಬರೆದು ಗಂಡನ ಹೆಸರು ಹಾಕುವುದು ರೂಢಿ. ಸುಮನಾಳ ಕೊರಳಲ್ಲಿ ಕರಿಮಣಿ ಇತ್ತು. ಗಂಡನ ಸುದ್ದಿಯನ್ನು ತಾಯಿಯಾಗಲಿ ಮಗಳಾಗಲಿ ಒಮ್ಮೆಯೂ ಎತ್ತಿರಲಿಲ್ಲ. "ಮಗಳು ನನ್ನ ಜೊತೆಗೇ ಇದ್ದಾಳೆ" ಎಂದಷ್ಟೇ ಮೇಡಂ ಹೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಮಗಳು ಯಾಕೆ ತವರಿನಲ್ಲಿದ್ದಾಳೆ ಎಂದು ಮರ್ಯಾದಸ್ಥರು ಕೇಳುವುದಿಲ್ಲ. ನಾನು ಆ ಜಾಗದಲ್ಲಿ ಒಂದು ಕ್ಷಣ ನಿಂತು, ಪ್ಯಾನ್ ಕಾರ್ಡಿನಲ್ಲಿ ಇದ್ದಂತೆ ತಂದೆಯ ಹೆಸರು ಬರೆದು ಮುಂದೆ ಹೋದೆ. ಅವಳು ಅದನ್ನು ಓದಿ ನನ್ನತ್ತ ನೋಡಿದ ನೋಟದಲ್ಲಿ ಕೃತಜ್ಞತೆ ಇತ್ತು. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ.

"ಯಾವುದೇ ಷರತ್ತಿಲ್ಲದೆ, ಪ್ರೀತಿ ವಿಶ್ವಾಸದಿಂದ, ಈ ಹಣದ ಮೇಲಿನ ನನ್ನ ಸರ್ವ ಹಕ್ಕನ್ನೂ ಬಿಟ್ಟುಕೊಟ್ಟಿದ್ದೇನೆ" ಎಂದು ಬರೆದ ಪತ್ರಕ್ಕೆ ಮೇಡಂ ಸಹಿ ಹಾಕಿದರು. ಇಬ್ಬರು ಸಾಕ್ಷಿಗಳು ಹಾಕಿದರು. ಏಪ್ರಿಲ್‌ನಲ್ಲಿ ನಲವತ್ತು ಲಕ್ಷ ಸುಮನಾಳ ಹೆಸರಿನ ಠೇವಣಿಯಾಯಿತು. ನಾಮಿನಿ ಜಾಗದಲ್ಲಿ ತಾಯಿಯ ಹೆಸರು ಹಾಕಿಸಿದೆ.

ಒಂದು ವರ್ಷ ಎಲ್ಲ ಅಂದುಕೊಂಡಂತೆ ನಡೆಯಿತು. ಎರಡನೇ ವರ್ಷ, 2024ರ ಆಗಸ್ಟ್‌ನಲ್ಲಿ, ಸುಮನಾಳಿಗೆ ಡೆಂಗಿ ಬಂತು. ಐದನೇ ದಿನಕ್ಕೆ ಜ್ವರ ಬಿಟ್ಟಿತು, ಇನ್ನು ಪರವಾಗಿಲ್ಲ ಎಂದು ಮನೆಯಲ್ಲೇ ಇದ್ದರಂತೆ. ಏಳನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ನಾನು ಚಿಕ್ಕಲಸಂದ್ರದ ಮನೆಗೆ ಹೋದಾಗ ಮೇಡಂ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಬಂದವರಿಗೆಲ್ಲ ನೀರು ಕೊಡಿ ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು.

ತಿಂಗಳ ನಂತರ ಠೇವಣಿ ರಸೀದಿಗಳನ್ನು ಹಿಡಿದು ಬಂದರು. ನಾಮಿನಿ ನೀವೇ, ಮರಣ ಪ್ರಮಾಣಪತ್ರ ಕೊಟ್ಟರೆ ಹಣ ಬರುತ್ತದೆ ಎಂದು ಧೈರ್ಯ ಹೇಳಿ ಕಳಿಸಿದೆ. ಒಂದೇ ಗಂಟೆಯಲ್ಲಿ ಮೇಡಂ ಬ್ಯಾಂಕಿನಿಂದಲೇ ಫೋನ್ ಮಾಡಿದರು. ಸುಮನಾಳ ಗಂಡ ಪ್ರಕಾಶ್ ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದ. ಬ್ಯಾಂಕು ಯಾರಿಗೂ ಹಣ ಕೊಡುವಂತಿರಲಿಲ್ಲ.

ಕೇಳಬಾರದೆಂದು ನಾನು ಬಿಟ್ಟಿದ್ದನ್ನು ಅವತ್ತು ಮೇಡಂ ತಾವಾಗಿಯೇ ಹೇಳಿದರು. ಮಗಳು ಅಳಿಯ ಬೇರೆಯಾಗಿ ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಕೊನೆಗೆ ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದರು. ಅದರ ಜೊತೆ ಕೊಟ್ಟ ಆಸ್ತಿ ವಿವರದಿಂದಲೇ ಠೇವಣಿಯ ವಿಷಯ ಅಳಿಯನಿಗೆ ಗೊತ್ತಾಗಿತ್ತು. ಅಂಥ ಅರ್ಜಿಗೆ ಎರಡು ಸಲ ಕೋರ್ಟಿನ ಮುಂದೆ ನಿಂತು ಒಪ್ಪಿಗೆ ಹೇಳಬೇಕು, ನಡುವೆ ಆರು ತಿಂಗಳ ಅಂತರ. ಮೊದಲನೆಯದು ಮುಗಿದಿತ್ತು. ಎರಡನೆಯದಕ್ಕೆ ಸೆಪ್ಟೆಂಬರ್‌ನಲ್ಲಿ ದಿನ ಗೊತ್ತಾಗಿತ್ತು.

ನನಗೆ ಪರಿಚಯದ ವಕೀಲೆಯೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ನಿಧಾನವಾಗಿ ವಿವರಿಸಿದರು. ವಿಚ್ಛೇದನದ ಆದೇಶ ಬರುವ ತನಕ ಗಂಡ ಗಂಡನೇ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಹೆಂಗಸಿನ ಆಸ್ತಿ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ ಹೋಗುತ್ತದೆ. ತಾಯಿಯ ಸರದಿ ಅವರ ನಂತರ. ನಾಮಿನಿ ಹಣವನ್ನು ಪಡೆದು ವಾರಸುದಾರರಿಗೆ ಒಪ್ಪಿಸುವವರು, ಒಡೆಯರಲ್ಲ. ತಂದೆ ತಾಯಿಯಿಂದ ವಾರಸಾಗಿ ಬಂದ ಆಸ್ತಿಯಾಗಿದ್ದರೆ, ಮಕ್ಕಳಿಲ್ಲದವಳ ವಿಷಯದಲ್ಲಿ ಅದು ತವರಿನ ಕಡೆಗೇ ಹಿಂತಿರುಗುತ್ತದೆ ಎಂದು ಕಾನೂನಿದೆ. ಆದರೆ ತಾಯಿ ಬದುಕಿದ್ದಾಗ ಕೊಟ್ಟಿದ್ದು ವಾರಸು ಅಲ್ಲ, ದಾನ.

"ಅದು ಅಮ್ಮನ ದುಡ್ಡೇ, ಟ್ಯಾಕ್ಸಿಗೋಸ್ಕರ ಮಗಳ ಹೆಸರಲ್ಲಿ ಇಟ್ಟಿದ್ರು ಅಂತ ವಾದ ಮಾಡೋಣ ಅಂದ್ಕೊಂಡೆ," ಎಂದು ವಕೀಲೆ ದಾನಪತ್ರವನ್ನು ಮೇಜಿನ ಮೇಲಿಟ್ಟರು. "ಇದನ್ನ ಯಾರು ಬರೆದಿದ್ದು ಸಾರ್? ತುಂಬಾ ಚೆನ್ನಾಗಿದೆ. ಒಂದು ಕಡೆನೂ ಸಂದಿ ಬಿಟ್ಟಿಲ್ಲ."

ನಾನೇ ಎಂದೆ. ಮೇಡಂ ನನ್ನ ಪಕ್ಕದಲ್ಲೇ ಕೂತಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆ ಚಳಿಗಾಲ ನಾನು ಬೇರೆ ದಾರಿ ಹುಡುಕಿ ಸೋತೆ. ಹಳೆಯ ತೀರ್ಪುಗಳನ್ನು ಓದಿದೆ, ಇನ್ನಿಬ್ಬರು ವಕೀಲರನ್ನು ಕೇಳಿದೆ, ಎಲ್ಲರದ್ದೂ ಒಂದೇ ಮಾತು. 2025ರ ಫೆಬ್ರವರಿಯ ಬಜೆಟ್‌ನಲ್ಲಿ ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯಿಲ್ಲ ಎಂದು ಘೋಷಣೆಯಾಯಿತು. ಆಫೀಸಿನಲ್ಲಿ ಎಲ್ಲರೂ ಸಂತೋಷಪಟ್ಟರು. ಮೇಡಂ ಆ ಹಣವನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಂಡು ಎರಡು ವರ್ಷ ತೆರಿಗೆ ಕಟ್ಟಿದ್ದರೆ ಅರವತ್ತು ಸಾವಿರದಷ್ಟು ಹೋಗುತ್ತಿತ್ತು, ಆಮೇಲೆ ಯಾವ ಉಪಾಯವೂ ಬೇಕಿರಲಿಲ್ಲ. ಅರವತ್ತು ಸಾವಿರ ಉಳಿಸಲು ನಾನು ಅವರ ನಲವತ್ತು ಲಕ್ಷ ಕಳೆದಿದ್ದೆ. ಅವತ್ತು ತಲೆನೋವು ಎಂದು ಹೇಳಿ ಬೇಗ ಮನೆಗೆ ಹೋದೆ.

ಜೂನ್ ಹೊತ್ತಿಗೆ ಪ್ರಕಾಶ್‌ಗೆ ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್, ಅಂದರೆ ಹಣಕ್ಕೆ ಅವನೇ ವಾರಸುದಾರ ಎನ್ನುವ ಪ್ರಮಾಣಪತ್ರ, ಸಿಕ್ಕಿತು. ಜುಲೈನಲ್ಲಿ ಅವನೇ ನನ್ನ ಆಫೀಸಿಗೆ ಬಂದ. ತೀರಿಕೊಂಡವರ ಕೊನೆಯ ವರ್ಷದ ರಿಟರ್ನ್ ಅನ್ನು ಕಾನೂನಿನ ವಾರಸುದಾರರೇ ಸಲ್ಲಿಸಬೇಕು, ಕಾಗದಗಳೆಲ್ಲ ನನ್ನ ಬಳಿ ಇದ್ದವು. ನಾನು ಒಬ್ಬ ದುಷ್ಟನನ್ನು ನಿರೀಕ್ಷಿಸಿದ್ದೆ. ಬಂದವನು ತಲೆ ಅರ್ಧ ನರೆತ ಮೆಡಿಕಲ್ ರೆಪ್, ಕೈಯಲ್ಲಿ ಹೆಲ್ಮೆಟ್ ಹಿಡಿದುಕೊಂಡೇ ಕೂತ.

"ನಂಗೊತ್ತು ಸಾರ್ ನೀವೆಲ್ಲ ಏನಂದ್ಕೊಂಡಿದ್ದೀರ ಅಂತ," ಎಂದ. "ಮೈಸೂರಲ್ಲಿ ನಮ್ಮಣ್ಣನ ಜೊತೆ ಬಿಸಿನೆಸ್ ಮಾಡಕ್ಕೆ ಹೋಗಿ ಕೈ ಸುಟ್ಕೊಂಡಿದ್ದೀನಿ. ಕಾನೂನು ಕೊಡ್ತಿರೋದನ್ನ ಬೇಡ ಅನ್ನೋ ಸ್ಥಿತೀಲಿಲ್ಲ. ಆದ್ರೆ ಅತ್ತೆಗೆ ಒಂದು ಹತ್ತು ಲಕ್ಷ ಕೊಡ್ತೀನಿ. ಅದಕ್ಕೇನಾದ್ರೂ ಟ್ಯಾಕ್ಸ್ ಬೀಳುತ್ತಾ?"

ಮೂವತ್ಮೂರು ವರ್ಷದಲ್ಲಿ ಈ ಪ್ರಶ್ನೆಗೆ ನಾನು ತಡವರಿಸಿದ್ದು ಅದೇ ಮೊದಲು. ತೆರಿಗೆಯಿಲ್ಲದೆ ಉಡುಗೊರೆ ಕೊಡಬಹುದಾದ ಸಂಬಂಧಿಕರ ಪಟ್ಟಿಯಲ್ಲಿ ಮಗಳ ಗಂಡ ಇದ್ದಾನೆ. ಮಗಳೇ ಇಲ್ಲದ ಮೇಲೆ ಅವನು ಯಾರು ಎಂದು ಅಲ್ಲಿ ಬರೆದಿಲ್ಲ. ಸಂಬಂಧ ಉಳಿದಿದೆ ಎಂದು ವಾದಿಸಬಹುದು. ಇಲಾಖೆ ಒಪ್ಪದಿದ್ದರೆ ಆ ಹತ್ತು ಲಕ್ಷ ಮೇಡಂ ಆದಾಯವಾಗಿ, ತಾವು ದುಡಿದ ದುಡ್ಡನ್ನೇ ವಾಪಸು ಪಡೆದದ್ದಕ್ಕೆ ಒಂದು ಲಕ್ಷದಷ್ಟು ತೆರಿಗೆ ಕಟ್ಟಬೇಕಾಗುತ್ತದೆ. ಆದರೂ ಹತ್ತು ಲಕ್ಷ ಹತ್ತು ಲಕ್ಷವೇ. ಪ್ರಕಾಶ್ ದಾನಿ, ವಿಶಾಲಾಕ್ಷಿಯವರು ಪಡೆಯುವವರು ಎಂದು ಇನ್ನೊಂದು ದಾನಪತ್ರ ಸಿದ್ಧ ಮಾಡಿ ಮೇಡಂಗೆ ಫೋನ್ ಮಾಡಿದೆ.

ಅವರು ಬಂದು ಕನ್ನಡಕ ಹಾಕಿಕೊಂಡು, ಉತ್ತರಪತ್ರಿಕೆ ನೋಡುವವರಂತೆ ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ಎರಡನೇ ಪುಟದಲ್ಲಿ ಬೆರಳು ನಿಂತಿತು.

"'ನನ್ನ ಸ್ವಂತ ಹಣದಿಂದ' ಅಂತ ಬರೆದಿದೆಯಲ್ಲ ಸಾರ್. ಇದಕ್ಕೆ ನಾನು ಸೈನ್ ಹಾಕಿದ್ರೆ, ಇದು ಅವನ ದುಡ್ಡು ಅಂತ ಒಪ್ಕೊಂಡ ಹಾಗೆ ಅಲ್ವಾ?"

"ಹೌದು ಮೇಡಂ."

"ಆ ಮಾತನ್ನ ತೆಗೆಯಕ್ಕಾಗಲ್ವಾ?"

"ಆಗಲ್ಲ ಮೇಡಂ. ದುಡ್ಡು ಅವರದ್ದಾಗಿದ್ರೆ ತಾನೇ ಅವರು ಕೊಡಕ್ಕಾಗೋದು."

ಅವರು ಹಾಳೆಗಳನ್ನು ಸಮವಾಗಿ ಜೋಡಿಸಿ ನನ್ನ ಕಡೆ ಸರಿಸಿದರು. "ಹಾಗಾದ್ರೆ ಬೇಡ ಸಾರ್. ಮಗಳಿಗೆ ಕೊಟ್ಟೆ ಅನ್ನೋದೊಂದು ಉಳೀಲಿ." ನಾನು ತುಂಬ ಹೇಳಿದೆ. ಆಸ್ಪತ್ರೆ, ವಯಸ್ಸು, ಬಾಡಿಗೆ ಎಲ್ಲ ನೆನಪಿಸಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು.

ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟರೆ ನನ್ನ ಕೆಲಸ ಮುಗಿಯಿತು ಎಂದು ನಾನು ಮೂರು ದಶಕ ನಂಬಿದ್ದೆ. ಜನ ತೆರಿಗೆಯ ಪ್ರಶ್ನೆ ಕೇಳುತ್ತಾರೆ, ಏಕೆಂದರೆ ಕೇಳಲು ಸುಲಭವಾದದ್ದು ಅದೇ. ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಎನ್ನುವುದನ್ನು ನಾವೇ ಬಾಯಿಬಿಟ್ಟು ಕೇಳಬೇಕು, ಅಸಭ್ಯ ಅನ್ನಿಸಿದರೂ ಕೇಳಬೇಕು. ಈಗ ಮಕ್ಕಳಿಗೆ ಹಣ ಕೊಡುತ್ತೇನೆ ಎಂದು ಬಂದವರಿಗೆ ಮೊದಲು ಮದುವೆ, ವಿಚ್ಛೇದನ, ಉಯಿಲು, ಎಲ್ಲ ವಿಚಾರಿಸುತ್ತೇನೆ. ಪೂರ್ತಿ ಕೊಡಬೇಡಿ ಎನ್ನುತ್ತೇನೆ. ಮೊನ್ನೆ ಒಬ್ಬರು "ಅದೆಲ್ಲ ನಿಮಗ್ಯಾಕೆ ಸಾರ್" ಎಂದು ಎದ್ದು ಹೋದರು. ಹೋಗಲಿ. ಒಂದು ಫೀಸು ಹೋಗುತ್ತದೆ, ಅಷ್ಟೇ.

ವಿಶಾಲಾಕ್ಷಿ ಮೇಡಂ ಅದೇ ಬಾಡಿಗೆ ಮನೆಯಲ್ಲಿದ್ದಾರೆ. ಈಚೆಗೆ ಫೋನ್ ಮಾಡಿದ್ದರು. ಬಾಡಿಗೆ ಹೆಚ್ಚಾಗಿದೆ, ಅದಕ್ಕೆ ಸಂಜೆ ಹೊತ್ತು ಗಣಿತದ ಟ್ಯೂಷನ್ ಶುರುಮಾಡಿದ್ದೇನೆ ಎಂದರು. ಆ ಆದಾಯವನ್ನು ರಿಟರ್ನ್‌ನಲ್ಲಿ ತೋರಿಸಬೇಕಾ ಸಾರ್ ಎಂದು ಕೇಳಿದರು. ತೋರಿಸಬೇಕು ಮೇಡಂ ಎಂದೆ.